ನೀವು ಮುಟ್ಟುವ ವಸ್ತುವಿನ ಹೆಸರು ನಿಮಗೆ ಗೊತ್ತೇ?

ಹೊಟ್ಟೆನೋವೆಂದು ಬಂದ ಒಬ್ಬ ರೋಗಿಗೆ ನಾನು ಮೂರು ಸಲ ತಪ್ಪು ಚಿಕಿತ್ಸೆ ಕೊಟ್ಟೆ. ವೈದ್ಯನಾದವನು ಇದನ್ನು ಪತ್ರಿಕೆಯಲ್ಲಿ ಬರೆದುಕೊಳ್ಳುವುದು ಸುಲಭವಲ್ಲ. ಆದರೂ ಬರೆಯುತ್ತಿದ್ದೇನೆ. ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ನೀವಾದರೂ ನಿಮ್ಮ ಮನೆಯಲ್ಲಿ ಕೇಳಿಕೊಳ್ಳಲಿ ಎಂಬುದು ನನ್ನ ಆಸೆ.

ಆತನಿಗೆ 32 ವರ್ಷ. ಗಟ್ಟಿಮುಟ್ಟಾದ ಆಳು. ಮೊದಲ ಸಲ ಬಂದಾಗ ಹೊಟ್ಟೆ ಹಿಂಡಿದಂತಾಗುತ್ತದೆ, ಊಟ ಸೇರುವುದಿಲ್ಲ ಎಂದ. ಜಂತುಹುಳುವಿಗೊಂದು, ಆಮ್ಲೀಯತೆಗೊಂದು ಮಾತ್ರೆ ಬರೆದುಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಬಂದ. ಈಗ ಮಲಬದ್ಧತೆಯೂ ಸೇರಿತ್ತು. ಅದಕ್ಕೊಂದು ಔಷಧಿ, ಜೊತೆಗೆ ಸೊಪ್ಪು ತರಕಾರಿ ತಿನ್ನು ಎಂಬ ಬುದ್ಧಿವಾದ. ಮೂರನೆಯ ಸಲ ರಾತ್ರಿ ಹನ್ನೊಂದು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಬೆವರುತ್ತ ಬಂದ. ಅಪೆಂಡಿಸೈಟಿಸ್ ಇರಬಹುದೆಂದು ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸಿದೆ. ಅವರು ಪರೀಕ್ಷಿಸಿ, ಅಪೆಂಡಿಕ್ಸ್ ಸರಿಯಾಗಿಯೇ ಇದೆ ಎಂದು ವಾಪಸು ಕಳಿಸಿದರು. ಸದ್ಯ, ಆತನ ಹೊಟ್ಟೆ ಕೊಯ್ಯಲಿಲ್ಲ.

ನಾಲ್ಕನೆಯ ಸಲ ಗಂಡ ಹೆಂಡತಿ ಇಬ್ಬರೂ ಬಂದರು. ಈ ಬಾರಿ ತೋರಿಸಬೇಕಾಗಿದ್ದುದು ನಾಲ್ಕು ವರ್ಷದ ಮಗಳನ್ನು. ಮಗು ಬಿಳಿಚಿಕೊಂಡಿತ್ತು. ಊಟ ಬೇಡ, ಆಟ ಬೇಡ, ಸದಾ ಕಿರಿಕಿರಿ. ತಂದೆಗೂ ಮಗಳಿಗೂ ಒಟ್ಟಿಗೆ ರಕ್ತಹೀನತೆ ಏಕೆ ಎಂಬ ಯೋಚನೆ ನನಗೆ ಬಂದದ್ದು ಆಗ.

“ನೀನು ಏನು ಕೆಲಸ ಮಾಡ್ತೀಯಪ್ಪಾ?” ಎಂದು ಕೇಳಿದೆ.

ಉತ್ತರ ಕೊಟ್ಟದ್ದು ಆತನ ಹೆಂಡತಿ. “ಬ್ಯಾಟರಿ ಅಂಗಡೀಲಿ ಡಾಕ್ಟ್ರೇ. ಸಂಜೆ ಬಂದಾಗ ಅಂಗಿ ಒದರಿದ್ರೆ ಬೂದಿ ಬಣ್ಣದ ಧೂಳು ಬೀಳುತ್ತೆ. ಇವಳೋ, ಅಪ್ಪ ಬಂದ ಕೂಡ್ಲೇ ಹೆಗಲೇರ್ತಾಳೆ.”

ಆತನ ತುಟಿ ಎತ್ತಿ ನೋಡಿದೆ. ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ ನೀಲಿ ಮಿಶ್ರಿತ ಕಪ್ಪು ಗೆರೆ. ವೈದ್ಯಕೀಯ ಓದುವಾಗ ಪುಸ್ತಕದಲ್ಲಿ ನೋಡಿದ್ದ ಚಿತ್ರ. ಮೂರು ಸಲ ಆ ಬಾಯಿ ನನ್ನ ಎದುರಿಗೇ ಇತ್ತು, ನಾನು ನೋಡಿರಲಿಲ್ಲ. ಇಬ್ಬರ ರಕ್ತವನ್ನೂ ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಕಳಿಸಿದೆ. ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ ತಂದೆಗೆ 68 ಮೈಕ್ರೊಗ್ರಾಂ, ಮಗಳಿಗೆ 22 ಮೈಕ್ರೊಗ್ರಾಂ ಸೀಸ ಇತ್ತು. ಈ ಪ್ರಮಾಣ 5 ಮುಟ್ಟಿದರೇ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದನ್ನು ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ.

“ಆ ಧೂಳು ಏನು ಅಂತ ಗೊತ್ತೇನಪ್ಪಾ?” ಎಂದೆ.

“ಪ್ಲೇಟಿನ ಪುಡಿ ಸಾರ್. ಅದರಿಂದ ಏನೂ ಆಗಲ್ಲ. ಡೇಂಜರ್ ಅಂದ್ರೆ ಆಸಿಡ್ಡು. ಅದರ ಹತ್ರ ಹುಷಾರಾಗೇ ಇರ್ತೀವಿ.”

ಒಂಬತ್ತು ವರ್ಷ ಆತ ಹಳೆಯ ಬ್ಯಾಟರಿಗಳನ್ನು ಒಡೆದು, ಪ್ಲೇಟು ಬಡಿದು, ಹಿತ್ತಲಿನಲ್ಲಿ ಸೀಸ ಕರಗಿಸಿದ್ದ. ಆ ಪುಡಿ ವಿಷವೆಂದು ಯಾರೂ ಆತನಿಗೆ ಹೇಳಿರಲಿಲ್ಲ.

ಸೀಸ ಮೈಯೊಳಗೆ ಮಾಡುವುದೇನು?

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಇನ್ನೂ ಕಾದರೆ ಕಣ್ಣಿಗೆ ಕಾಣದ ಹಬೆಯಾಗಿ ಏಳುತ್ತದೆ. ಹಬೆ ಮತ್ತು ನಯವಾದ ಪುಡಿ ಉಸಿರಿನೊಡನೆ ಒಳಗೆ ಹೋಗುತ್ತವೆ. ಕೈಗೆ ಅಂಟಿದ್ದು ಬೀಡಿ, ಟೀ, ಬನ್ನು, ಊಟದ ಜೊತೆ ಹೊಟ್ಟೆಗೆ ಸೇರುತ್ತದೆ. ದೊಡ್ಡವರ ಕರುಳು ಹೀಗೆ ನುಂಗಿದ ಸೀಸದಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ಹೀರಿದರೆ, ಎಳೆಯ ಮಕ್ಕಳ ಕರುಳು ಅರ್ಧದಷ್ಟನ್ನು ಹೀರಬಲ್ಲದು. ಅಪ್ಪನ ಅಂಗಿಯ ಧೂಳು ಮಗುವಿಗೆ ಏಕೆ ಅಷ್ಟು ಹಾನಿ ಮಾಡಿತೆಂಬುದಕ್ಕೆ ಇದೇ ಉತ್ತರ.

ನಮ್ಮ ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ಭಾವಿಸಿ ಮೋಸ ಹೋಗುತ್ತದೆ. ಮೂಳೆಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ರಕ್ತದಲ್ಲಿರುವ ಸೀಸ ವಾರಗಳಲ್ಲಿ ಇಳಿಯಬಹುದು, ಮೂಳೆಯಲ್ಲಿರುವುದು ಹತ್ತಾರು ವರ್ಷ ಉಳಿದು ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಮರಳುತ್ತದೆ. ಅದು ರಕ್ತ ತಯಾರಾಗುವುದನ್ನು ತಡೆಯುತ್ತದೆ. ಕರುಳನ್ನು ಹಿಂಡಿ ನೋವು, ಮಲಬದ್ಧತೆ ತರುತ್ತದೆ. ರಕ್ತದೊತ್ತಡ ಏರಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ನರಗಳು ಸೋತು ಕೆಲವರಿಗೆ ಮುಂಗೈ ಮೇಲೆತ್ತಲು ಆಗದೆ ಜೋತುಬೀಳುತ್ತದೆ. ಗರ್ಭಿಣಿಯ ರಕ್ತದಿಂದ ಸೀಸ ಹೊಟ್ಟೆಯಲ್ಲಿರುವ ಕೂಸಿಗೂ ದಾಟುತ್ತದೆ. ಬೆಳೆಯುವ ಮಕ್ಕಳಲ್ಲಿ ಬುದ್ಧಿಶಕ್ತಿಯನ್ನೂ ಕಲಿಕೆಯನ್ನೂ ಕುಗ್ಗಿಸುತ್ತದೆ. ಮಕ್ಕಳಿಗೆ ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ.

ಮಾಮೂಲಿ ರಕ್ತಪರೀಕ್ಷೆಯಲ್ಲಿ ಸೀಸ ಕಾಣುವುದಿಲ್ಲ. ರಕ್ತಹೀನತೆ ಮಾತ್ರ ಕಾಣುತ್ತದೆ. ಸೀಸದ ಪ್ರಮಾಣ ಅಳೆಯುವ ಪರೀಕ್ಷೆಯನ್ನು ವೈದ್ಯರು ಬೇರೆಯಾಗಿ ಬರೆದುಕೊಡಬೇಕು. ಹಾಗೆ ಬರೆಯಲು ರೋಗಿಯ ಕೆಲಸವೇನೆಂದು ವೈದ್ಯರಿಗೆ ಗೊತ್ತಿರಬೇಕು.

ಮುನ್ನೂರು ವರ್ಷಗಳ ಹಿಂದಿನ ಪ್ರಶ್ನೆ

ಈ ಮಾತು ಹೊಸದೇನಲ್ಲ. ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಾಝಿನಿ ಕುಶಲಕರ್ಮಿಗಳ ರೋಗಗಳ ಬಗ್ಗೆ 1700ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ರೋಗಿಗೆ ಕೇಳಬೇಕಾದ ಪ್ರಶ್ನೆಗಳನ್ನು ಪ್ರಾಚೀನ ಗ್ರೀಸ್‌ನ ಹಿಪಾಕ್ರಟಿಸ್ ಹೇಳಿಟ್ಟಿದ್ದ. ಅವುಗಳಿಗೆ ಇನ್ನೊಂದನ್ನು ಸೇರಿಸಿ ಎಂದರು ರಾಮಾಝಿನಿ: ನಿನ್ನ ಕಸುಬು ಏನು? ಈ ಪ್ರಶ್ನೆ ಕೇಳಲು ಯಂತ್ರ ಬೇಡ, ಖರ್ಚಿಲ್ಲ, ಅರ್ಧ ನಿಮಿಷ ಸಾಕು. ಆದರೂ ನಾನು ಮರೆತಿದ್ದೆ. ನಿಮ್ಮ ವೈದ್ಯರೂ ಮರೆಯಬಹುದು. ಆದ್ದರಿಂದ ಅವರು ಕೇಳುವವರೆಗೆ ಕಾಯಬೇಡಿ, ನೀವೇ ಹೇಳಿ. ‘ಫ್ಯಾಕ್ಟರಿಯಲ್ಲಿ ಕೆಲಸ’ ಎಂದರೆ ಸಾಲದು. ಏನನ್ನು ಮುಟ್ಟುತ್ತೀರಿ, ಯಾವ ಧೂಳು ಅಥವಾ ಹೊಗೆ ಕುಡಿಯುತ್ತೀರಿ, ಎಷ್ಟು ವರ್ಷದಿಂದ, ಜೊತೆಗೆ ದುಡಿಯುವವರಿಗೂ ಇದೇ ತೊಂದರೆ ಇದೆಯೇ, ರಜೆಯಲ್ಲಿ ಊರಿಗೆ ಹೋದಾಗ ಕಡಿಮೆಯಾಗುತ್ತದೆಯೇ, ಇವಿಷ್ಟನ್ನೂ ಹೇಳಿ.

ಉರಿಯದ ವಿಷವೇ ಹೆಚ್ಚು ಮೋಸಗಾರ

ನನ್ನ ರೋಗಿ ಆಸಿಡ್ಡಿಗೆ ಹೆದರುತ್ತಿದ್ದ. ಅದು ಮೈಗೆ ಬಿದ್ದ ಕೂಡಲೇ ಸುಡುತ್ತದೆ. ಪುಡಿಗೆ ಹೆದರಲಿಲ್ಲ, ಅದು ಸುಡುವುದಿಲ್ಲ. ನಾವೆಲ್ಲರೂ ಹೀಗೆಯೇ. ನೋವಾಗದಿದ್ದರೆ, ವಾಸನೆ ಬರದಿದ್ದರೆ ಅಪಾಯವಿಲ್ಲ ಎಂದುಕೊಳ್ಳುತ್ತೇವೆ. ಆದರೆ ಕೆಲಸದ ಜಾಗದ ಎಷ್ಟೋ ವಿಷಗಳು ಸದ್ದಿಲ್ಲದೆ ಬರುವಂಥವು. ಕ್ರೋಮಿಯಂ ಲೇಪನ ಮಾಡುವವರಲ್ಲಿ ಆಮ್ಲದ ಹಬೆಯಿಂದ ಮೂಗಿನ ನಡುವಿನ ಗೋಡೆಯಲ್ಲಿ ತೂತು ಬೀಳಬಹುದು, ಹಲವರಿಗೆ ನೋವೇ ತಿಳಿಯುವುದಿಲ್ಲ. ಕಲ್ಲು ಒಡೆಯುವ, ಕೊರೆಯುವ ಕೆಲಸದಲ್ಲಿ ಶ್ವಾಸಕೋಶಕ್ಕೆ ಇಳಿಯುವ ಸಿಲಿಕಾ ಧೂಳು ಉಸಿರಿಗೆ ಕುತ್ತು ತರಲು ಸಾಮಾನ್ಯವಾಗಿ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಬೆಂಜೀನಿನ ವಾಸನೆ ಸಿಹಿಯಾಗಿಯೇ ಇರುತ್ತದೆ, ಅದು ತರುವುದು ರಕ್ತದ ಕ್ಯಾನ್ಸರ್.

ಇಂಥ ವಿಷದ ಬಗ್ಗೆ ಮೈ ನಮಗೆ ಮುನ್ಸೂಚನೆ ಕೊಡುವುದಿಲ್ಲ. ಆದ್ದರಿಂದ ತಿಳಿದವರು ಬಾಯಿಬಿಟ್ಟು ಹೇಳಲೇಬೇಕು. ಡಬ್ಬದ ಮೇಲಿನ ಚೀಟಿ, ಗೋಡೆಯ ಮೇಲಿನ ಫಲಕ, ಮೇಲ್ವಿಚಾರಕರ ಮಾತು ಇರುವುದು ಇದಕ್ಕಾಗಿ.

ಭೋಪಾಲದ ನಂತರ ಬಂದ ಹಕ್ಕು

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಅನಿಲ ಸೋರಿದಾಗ ಸಾವಿರಾರು ಜನ ಸತ್ತರು. ಅಂದು ಆಸ್ಪತ್ರೆಗಳಲ್ಲಿದ್ದ ವೈದ್ಯರಿಗೆ ಬಂದ ಅನಿಲ ಯಾವುದು, ಅದಕ್ಕೆ ಚಿಕಿತ್ಸೆ ಏನು ಎಂಬುದು ಗೊತ್ತಿರಲಿಲ್ಲ. ಸುತ್ತಲಿನ ನಿವಾಸಿಗಳಿಗೆ ಕಾರ್ಖಾನೆಯೊಳಗೆ ಏನಿದೆಯೆಂದೂ ತಿಳಿದಿರಲಿಲ್ಲ. ಆ ಕಹಿ ಅನುಭವದ ನಂತರ 1948ರ ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದರು. ಅಪಾಯಕಾರಿ ವಸ್ತುಗಳ ವಿವರವನ್ನೂ ಅವುಗಳಿಂದ ಪಾರಾಗುವ ಬಗೆಯನ್ನೂ ಮಾಲೀಕರು ಕಾರ್ಮಿಕರಿಗೆ ತಿಳಿಸಲೇಬೇಕು, ಕೇಳಿ ತಿಳಿಯುವುದು ಕಾರ್ಮಿಕರ ಹಕ್ಕು ಎಂಬುದು ಕಾನೂನಾಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯೂ ಈ ಹಕ್ಕನ್ನು ಉಳಿಸಿಕೊಂಡಿದೆ.

ವೈದ್ಯರಿಗೂ ಒಂದು ಹೊಣೆಯಿದೆ. ಪಟ್ಟಿಯಲ್ಲಿರುವ ಕಸುಬಿನ ರೋಗ ಕಂಡರೆ ಅದನ್ನು ಸರ್ಕಾರದ ಮುಖ್ಯ ನಿರೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು. ಆ ಪಟ್ಟಿಯ ಮೊದಲ ಹೆಸರೇ ಸೀಸದ ವಿಷ. ಆದರೆ ಮೂರು ನಾಲ್ಕು ಜನ ದುಡಿಯುವ ಸಣ್ಣ ಅಂಗಡಿಗಳು ಸಾಮಾನ್ಯವಾಗಿ ಕಾರ್ಖಾನೆಯ ಲೆಕ್ಕಕ್ಕೆ ಬರುವುದಿಲ್ಲ, ನಿರೀಕ್ಷಕರೂ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ಕೆಲಸಗಾರನನ್ನು ಕಾಯುವುದು ತಿಳಿವಳಿಕೆಯೊಂದೇ.

ಗುರುತುಗಳನ್ನು ಓದಲು ಕಲಿಯಿರಿ

ಓದು ಬಾರದವರಿಗೂ ತಿಳಿಯಲೆಂದೇ ರಾಸಾಯನಿಕಗಳ ಡಬ್ಬಗಳ ಮೇಲೆ ಚಿತ್ರಗಳಿರುತ್ತವೆ. ಕೆಂಪು ಅಂಚಿನ ವಜ್ರಾಕಾರದೊಳಗೆ ಇರುವ ಈ ಚಿತ್ರಗಳನ್ನು ಈಗ ಜಗತ್ತಿನ ಬಹಳಷ್ಟು ದೇಶಗಳು ಬಳಸುತ್ತವೆ.

ತಲೆಬುರುಡೆ ಮತ್ತು ಅಡ್ಡ ಮೂಳೆಗಳು: ಸ್ವಲ್ಪವೇ ಒಳಗೆ ಹೋದರೂ ಬೇಗನೆ ಪ್ರಾಣಕ್ಕೆ ಕುತ್ತು.

ಕೈಯ ಮೇಲೆ ಹನಿ ಬಿದ್ದು ಸುಡುತ್ತಿರುವ ಚಿತ್ರ: ಚರ್ಮ, ಕಣ್ಣು ಸುಡುತ್ತದೆ.

ಬೆಂಕಿಯ ಜ್ವಾಲೆ: ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಎದೆಯ ಮೇಲೆ ನಕ್ಷತ್ರ ಸಿಡಿದಂತಿರುವ ಮನುಷ್ಯನ ಆಕೃತಿ: ಇಂದು ಏನೂ ಆಗದಿರಬಹುದು, ವರ್ಷಗಳ ನಂತರ ಕ್ಯಾನ್ಸರ್, ಶ್ವಾಸಕೋಶದ ರೋಗ, ಹುಟ್ಟುವ ಮಕ್ಕಳಿಗೆ ತೊಂದರೆ ಮುಂತಾದವು ಬರಬಹುದು. ಸೀಸಕ್ಕೆ ಸೇರಬೇಕಾದ ಚಿತ್ರ ಇದೇ. ಜನ ಅತಿ ಕಡಿಮೆ ಗಮನಿಸುವುದೂ ಇದನ್ನೇ.

ರೈತರ ಮನೆಗಳಲ್ಲಿ ಇನ್ನೊಂದು ಗುರುತು ಪರಿಚಿತ. ಕೀಟನಾಶಕದ ಡಬ್ಬದ ಮೇಲಿನ ವಜ್ರಾಕಾರದ ಕೆಳಗಿನ ಅರ್ಧದಲ್ಲಿ ಒಂದು ಬಣ್ಣ ಇರುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ. ಅದರ ನಂತರ ಹಳದಿ, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆ ಅಪಾಯದ್ದು ಹಸಿರು. ಹಸಿರೆಂದರೆ ಕುಡಿಯಬಹುದು ಎಂದಲ್ಲ! ಔಷಧಿಯನ್ನು ಪಕ್ಕದ ಹೊಲದವರಿಗೆ ನೀರಿನ ಬಾಟಲಿಯಲ್ಲಿ ಸುರಿದುಕೊಟ್ಟರೆ ಈ ಗುರುತು, ಹೆಸರು, ವಿಷ ಇಳಿಸುವ ಕ್ರಮ ಎಲ್ಲವೂ ಹಳೆಯ ಡಬ್ಬದಲ್ಲೇ ಉಳಿದುಬಿಡುತ್ತವೆ. ಪಟ್ಟಣದವರು ಶೌಚಾಲಯ ತೊಳೆಯುವ ಆಸಿಡ್ಡನ್ನು ತಂಪು ಪಾನೀಯದ ಬಾಟಲಿಗೆ ಬಗ್ಗಿಸಿಡುವುದೂ ಇಂಥದೇ ತಪ್ಪು. ಹೆಸರಿಲ್ಲದ ಬಾಟಲಿ ಮನೆಯಲ್ಲಿ ಇರಕೂಡದು.

ಹಾಲು, ಬೆಲ್ಲ ಸಾಕೇ?

ನನ್ನ ರೋಗಿಯ ಮಾಲೀಕರು ಕೆಟ್ಟವರಲ್ಲ. ಕೆಲಸಗಾರರಿಗೆ ದಿನವೂ ಅರ್ಧ ಲೀಟರ್ ಹಾಲು ಕೊಡುತ್ತಿದ್ದರು. ‘ಹಾಲು ಕುಡಿದರೆ ಎಲ್ಲ ತೊಳೆದುಹೋಗುತ್ತದೆ’ ಎಂಬ ನಂಬಿಕೆ. ಧೂಳಿನ ಕೆಲಸದವರಿಗೆ ಬೆಲ್ಲ ಕೊಡುವ ರೂಢಿಯೂ ಹಲವೆಡೆ ಇದೆ. ಕ್ಯಾಲ್ಸಿಯಂ, ಕಬ್ಬಿಣ ಚೆನ್ನಾಗಿರುವ ಆಹಾರ ತಿಂದರೆ ಕರುಳು ಸೀಸ ಹೀರುವುದು ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಉಸಿರಿನಲ್ಲಿ ಹೋದದ್ದನ್ನು ಹಾಲೂ ತೊಳೆಯದು, ಬೆಲ್ಲವೂ ತೊಳೆಯದು. ಹಾಲು ಕುಡಿದೆನೆಂಬ ಧೈರ್ಯದಲ್ಲಿ ಎಚ್ಚರ ತಪ್ಪುವುದೇ ಇದರ ದೊಡ್ಡ ನಷ್ಟ. ಮೂಗಿಗೆ ಕಟ್ಟಿದ ಕರ್ಚೀಫೂ ಅಷ್ಟೇ, ಹಬೆಯನ್ನು ಅದು ತಡೆಯುವುದಿಲ್ಲ.

ಮೂಲವನ್ನು ತಡೆಯುವುದೇ ಸರಿಯಾದ ದಾರಿ. 2000ದಲ್ಲಿ ಸೀಸ ಬೆರೆತ ಪೆಟ್ರೋಲನ್ನು ದೇಶದಾದ್ಯಂತ ನಿಲ್ಲಿಸಿದ್ದು ಇದೇ ತತ್ವದ ಮೇಲೆ. ಸಾಧ್ಯವಾದರೆ ವಿಷದ ವಸ್ತುವನ್ನೇ ಬಿಡಬೇಕು. ಆಗದಿದ್ದರೆ ಹಬೆ, ಧೂಳು ಎದ್ದಲ್ಲಿಂದಲೇ ಎಳೆದುಕೊಳ್ಳುವ ಫ್ಯಾನು ಬೇಕು, ಧೂಳನ್ನು ಒದ್ದೆ ಮಾಡಿ ಒರೆಸಬೇಕು. ಸರಿಯಾದ ಮುಖವಾಡ ಕೊನೆಯ ರಕ್ಷಣೆ, ಮೊದಲನೆಯದಲ್ಲ. ಸೀಸ ಇಳಿಸುವ ಔಷಧಿಗಳೂ ಇವೆ. ಆದರೆ ಅವನ್ನು ಆಸ್ಪತ್ರೆಯಲ್ಲಿ, ತಜ್ಞರ ಕಣ್ಣಳತೆಯಲ್ಲೇ ತೆಗೆದುಕೊಳ್ಳಬೇಕು. ಅದೇ ಧೂಳಿನಲ್ಲಿ ದುಡಿಯುತ್ತ ಔಷಧಿ ನುಂಗುವುದು ತೂತುಬಿದ್ದ ದೋಣಿಯಿಂದ ನೀರು ಮೊಗೆದಂತೆ.

ಅರಿಸಿನದ ಪಾಠ

ಒಂದು ಭಾನುವಾರ ನಾನೇ ಆ ಅಂಗಡಿಗೆ ಹೋದೆ. ಮಾಲೀಕರು, ನನ್ನ ರೋಗಿ, ಬಿಹಾರದಿಂದ ಬಂದ ಇಬ್ಬರು ಹುಡುಗರು ಇದ್ದರು. ಭಾಷಣ ಮಾಡಲಿಲ್ಲ. ಒಂದು ಬಟ್ಟಲು ಅರಿಸಿನಪುಡಿ ತರಿಸಿ, ಇದನ್ನೇ ಪ್ಲೇಟಿನ ಪುಡಿ ಎಂದುಕೊಳ್ಳಿ, ಎಲ್ಲರೂ ಕೈಗೆ ಹಚ್ಚಿಕೊಳ್ಳಿ ಎಂದೆ. ನಂತರ ದಿನವೂ ತೊಳೆಯುವಂತೆ ಬರಿ ನೀರಿನಲ್ಲಿ ಕೈ ತೊಳೆದು ಟೀ, ಬನ್ನು ತೆಗೆದುಕೊಳ್ಳಲು ಹೇಳಿದೆ. ಐದು ನಿಮಿಷದಲ್ಲಿ ಟೀ ಲೋಟ, ಬನ್ನು, ಮೊಬೈಲು, ಒಬ್ಬ ಹುಡುಗನ ತುಟಿ ಎಲ್ಲ ಹಳದಿ. ಮಾಲೀಕರ ಅಂಗಿಯ ಜೇಬಿನ ಮೇಲೂ ಹಳದಿ ಬೆರಳಚ್ಚು. ಯಾರೂ ನಗಲಿಲ್ಲ. ಮಾಲೀಕರು ಮೆಲ್ಲಗೆ, “ಡಾಕ್ಟ್ರೇ, ನನ್ನ ರಕ್ತಾನೂ ಒಂದ್ಸಲ ಪರೀಕ್ಷೆ ಮಾಡಿಸಿ” ಎಂದರು. ಹದಿನೆಂಟು ವರ್ಷ ಅದೇ ಅಂಗಡಿಯಲ್ಲಿ ಕೂತಿದ್ದ ಅವರಿಗೂ ಯಾರೂ ಹೇಳಿರಲಿಲ್ಲ.

ಎಚ್ಚರಿಕೆ ಕೊಡುವುದೆಂದರೆ ಹೀಗೆ. ಕೆಲಸಗಾರನ ಭಾಷೆಯಲ್ಲಿ, ಆತ ನಿಂತ ಜಾಗದಲ್ಲಿ, ಕಣ್ಣಿಗೆ ಕಾಣುವಂತೆ ಹೇಳಬೇಕು. ಇಂಗ್ಲಿಷಿನ ಹತ್ತು ಪುಟದ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಕಾನೂನಿನ ಲೆಕ್ಕ ತುಂಬಬಹುದು, ಕೈ ಮಾತ್ರ ಶುದ್ಧವಾಗುವುದಿಲ್ಲ.

ಮನೆಯವರು ಮಾಡಬೇಕಾದದ್ದು

ಸೀಸ, ಕಲ್ಲುಧೂಳು, ಕೀಟನಾಶಕ, ಲೇಪನದ ಕೆಲಸ ಮಾಡುವವರು ನಿಮ್ಮ ಮನೆಯಲ್ಲಿದ್ದರೆ ಇವನ್ನು ಪಾಲಿಸಿ.

1. ಕೆಲಸದ ಬಟ್ಟೆ, ಚಪ್ಪಲಿ ಕೆಲಸದ ಜಾಗದಲ್ಲೇ ಬಿಡಲಿ. ಆಗದಿದ್ದರೆ ಮನೆಯ ಹೊರಗೇ ಬದಲಾಯಿಸಲಿ.

2. ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪು ಹಾಕಿ ಸ್ನಾನವಾಗಲಿ.

3. ಆ ಬಟ್ಟೆಯನ್ನು ಒದರಬೇಡಿ. ನೇರವಾಗಿ ನೀರಿಗೆ ಹಾಕಿ, ಮನೆಯ ಬೇರೆ ಬಟ್ಟೆಗಳ ಜೊತೆ ಸೇರಿಸದೆ ಒಗೆಯಿರಿ.

4. ನೆಲವನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ.

5. ಕೆಲಸದ ಜಾಗದಲ್ಲಿ ಬೀಡಿ, ಎಲೆ ಅಡಿಕೆ, ತಿಂಡಿ ಬೇಡ. ಸೋಪಿನಿಂದ ಕೈ, ಬಾಯಿ ತೊಳೆದು ಬೇರೆ ಕಡೆ ಕೂತು ತಿನ್ನಲಿ.

6. ಸೀಸದ ಕೆಲಸದವರು ನಿಯಮಿತವಾಗಿ ರಕ್ತದ ಸೀಸ ಪರೀಕ್ಷೆ ಮಾಡಿಸಿಕೊಳ್ಳಲಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಗರ್ಭಿಣಿಯಿದ್ದರೆ ಅವರಿಗೂ ಮಾಡಿಸಿ. ಇಎಸ್‌ಐ ಇದ್ದವರು ತಮ್ಮ ಕೆಲಸದ ವಿವರವನ್ನು ಆಸ್ಪತ್ರೆಯ ಚೀಟಿಯಲ್ಲಿ ಬರೆಸಲಿ. ಮುಂದೆ ಪರಿಹಾರ ಕೇಳುವಾಗ ಅದೇ ದಾಖಲೆ.

ಸೀಸದ ಕೆಲಸಕ್ಕೂ ನಮಗೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ನಿಮ್ಮ ಸ್ಕೂಟರಿನಲ್ಲಿ, ಮನೆಯ ಯುಪಿಎಸ್‌ನಲ್ಲಿ ಇರುವ ಬ್ಯಾಟರಿಯೂ ಸೀಸದ್ದೇ ಇರಬಹುದು. ಹಳತಾದಾಗ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಗುಜರಿಗೆ ಹಾಕಬೇಡಿ. ಅಧಿಕೃತ ಮಾರಾಟಗಾರರಿಗೇ ಮರಳಿಸಿ ರಸೀದಿ ಪಡೆಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅವನ್ನು ವಾಪಸು ಪಡೆಯುವ ವ್ಯವಸ್ಥೆ ಮಾಡುವುದು ತಯಾರಕರ ಹೊಣೆ. ನೋಂದಣಿ ಇಲ್ಲದವರು ಅವನ್ನು ಒಡೆದು ಸೀಸ ತೆಗೆಯುವಂತಿಲ್ಲ. ನೀವು ಗುಜರಿಗೆ ಹಾಕಿದ ಬ್ಯಾಟರಿಯನ್ನು ಯಾವುದೋ ಹಿತ್ತಲಿನಲ್ಲಿ ಬರಿಗೈಯಲ್ಲಿ ಒಡೆಯುವವನಿಗೂ ನಾಲ್ಕು ವರ್ಷದ ಮಗಳಿರಬಹುದು.

ಆ ಅಂಗಡಿಯ ಹಿತ್ತಲಿನ ಒಲೆ ಈಗ ಆರಿದೆ. ಹಳೆಯ ಬ್ಯಾಟರಿಗಳನ್ನು ಒಡೆಯದೆ ನೋಂದಾಯಿತರಿಗೆ ಕಳಿಸುತ್ತಾರೆ. ನನ್ನ ರೋಗಿ ಹೊಸ ಬ್ಯಾಟರಿ ಜೋಡಿಸುವ ಕೆಲಸದಲ್ಲಿದ್ದಾನೆ. ಪುಡಿ ಉಳಿದಿದ್ದ ಡ್ರಮ್ಮಿನ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ‘ಸೀಸ, ವಿಷ’ ಎಂದು ಬಣ್ಣದಲ್ಲಿ ಬರೆದವನು ಆತನೇ. ಒಂದು ವರ್ಷದ ನಂತರ ಆತನ ರಕ್ತದ ಸೀಸ 68ರಿಂದ 41ಕ್ಕೆ, ಮಗಳದು 22ರಿಂದ 11ಕ್ಕೆ ಇಳಿದಿತ್ತು. ಹೊಟ್ಟೆನೋವು ಇಲ್ಲ. ಮಗು ಊಟ ಮಾಡುತ್ತಾಳೆ, ಆಡುತ್ತಾಳೆ. ಆದರೆ ಆ ಎರಡು ವರ್ಷ, ಮೂರು ವರ್ಷದ ವಯಸ್ಸಿನಲ್ಲಿ ಅವಳ ಮಿದುಳಿಗೆ ಆದ ಪೆಟ್ಟು ಎಷ್ಟೆಂದು ಯಾವ ಪರೀಕ್ಷೆಯೂ ನನಗೆ ಹೇಳಲಾರದು. ಔಷಧಿಯಿಂದ ಅದನ್ನು ಮರಳಿ ಕೊಡಲೂ ಆಗದು. ಒಂಬತ್ತು ವರ್ಷ ಮೊದಲೇ ಯಾರಾದರೂ ಆ ಪುಡಿಯ ಹೆಸರು ಹೇಳಿದ್ದರೆ ಸಾಕಾಗಿತ್ತು.

ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮನೆಯಲ್ಲಿ ದುಡಿದು ಬಂದವರನ್ನು ಕೇಳಿ: ಇವತ್ತು ನೀವು ಮುಟ್ಟಿದ ವಸ್ತುಗಳ ಹೆಸರೇನು? ಉತ್ತರ ಗೊತ್ತಿಲ್ಲದಿದ್ದರೆ, ನಾಳೆ ಕೆಲಸಕ್ಕೆ ಹೋದ ಕೂಡಲೇ ಕೇಳಿ ತಿಳಿದುಕೊಂಡು ಬರಲಿ.